ಹರಳುಪ್ಪು ಉಂಡ ಕಿಡ್ನಿ

ಆ ಮನೆಯಲ್ಲಿ ಅಡುಗೆ ಎಂದರೆ ಸತ್ವ ತೆಗೆಯುವ ಕೆಲಸ. ಲೋಕವೆಲ್ಲ ತರಕಾರಿಯ ಸತ್ವ ಹೋಗದ ಹಾಗೆ ಬೇಯಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರೆ, ಜಿಪ್ಪಕ್ಕ ಅದನ್ನು ಹೊರಗೆ ಅಟ್ಟುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದಳು. ಆಲೂಗಡ್ಡೆಯಾಗಲಿ ಕ್ಯಾರೆಟ್ಟಾಗಲಿ, ಸಣ್ಣಗೆ ಹೆಚ್ಚಿ ನೀರಲ್ಲಿ ನೆನೆಹಾಕಬೇಕು. ಆ ನೀರು ಚೆಲ್ಲಬೇಕು. ಮತ್ತೆ ದೊಡ್ಡ ಪಾತ್ರೆಯ ತುಂಬ ನೀರಿಟ್ಟು ಕುದಿಸಿ, ಅದನ್ನೂ ಬಸಿದು ಚೆಲ್ಲಬೇಕು. ಕೊನೆಗೆ ಉಳಿದ ಸಪ್ಪೆ ಚೂರುಗಳನ್ನು ಗಂಡನ ತಟ್ಟೆಗೆ ಹಾಕಿ, ಅವನು ಮುಖ ಸಿಂಡರಿಸುವುದನ್ನು ನೋಡಿಯೂ ನೋಡದವಳಂತೆ ಇರಬೇಕು. ಉಪ್ಪಂತೂ ಹೆಸರಿಗೆ ಮಾತ್ರ.

ಗಂಡನ ಎರಡೂ ಕಿಡ್ನಿಗಳು ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಅವನು ಆಸ್ಪತ್ರೆಗೆ ಹೋಗಿ, ಎಡತೋಳನ್ನು ಯಂತ್ರಕ್ಕೊಪ್ಪಿಸಿ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಿದ್ದ. ಕಿಡ್ನಿ ಹೊರಗೆ ಹಾಕಬೇಕಾದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ, ತರಕಾರಿ ಹಣ್ಣುಗಳಲ್ಲಿರುವ ಪೊಟ್ಯಾಶಿಯಂ ಮಿತಿಮೀರಿದರೆ ಎದೆಬಡಿತವೇ ನಿಲ್ಲಬಹುದು ಎಂದು ಆಸ್ಪತ್ರೆಯವರು ಹೇಳಿದ ದಿನದಿಂದ, ಜಗತ್ತಿಗೆ ಆರೋಗ್ಯವಾದದ್ದೆಲ್ಲ ಆ ಮನೆಗೆ ವಿಷವಾಗಿತ್ತು. ಬಾಳೆಹಣ್ಣಿಲ್ಲ, ಹಣ್ಣಿನ ರಸವಿಲ್ಲ, ಬಾಯಾರಿದರೆ ಹೊಟ್ಟೆತುಂಬ ನೀರೂ ಇಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಪ್ಯಾಂಟು, ಚೀಲ, ಜಾಕೆಟ್ಟು, ಯಾವುದರ ಜಿಪ್ಪು ಕಿತ್ತರೂ ಜನ ಅವಳ ಹತ್ತಿರ ಬರುತ್ತಿದ್ದರು, ಹಾಗಾಗಿ ಹೊಲಿಗೆಯ ಬೇರೆ ಕೆಲಸ ಎಷ್ಟೇ ಮಾಡಿದರೂ ಬೀದಿಯ ಬಾಯಲ್ಲಿ ಅವಳು ಜಿಪ್ಪಕ್ಕನೇ. ಗಂಡ ಬೋರ್ಡು ಬರೆಯುವವನು. ಮೂಲೆಯಲ್ಲಿ ಅವನ ಬಣ್ಣದ ಡಬ್ಬಿಗಳು, ಕುಂಚಗಳು, ಗೋಡೆಗೆ ಒರಗಿಸಿದ ಅರ್ಧ ಬರೆದ ಬೋರ್ಡುಗಳು. ಯಂತ್ರಕ್ಕೆ ಹೋಗದ ದಿನ ಕೂತು ಎರಡು ಅಕ್ಷರ ಬರೆದರೆ ಆವತ್ತು ಮನೆಯಲ್ಲಿ ಇಬ್ಬರ ಮುಖವೂ ಸ್ವಲ್ಪ ಅರಳುತ್ತಿತ್ತು.

ಇಂಥ ಮನೆಗೆ ಅವನ ಅಕ್ಕ ಬಂದಳು, ಕಿಡ್ನಿ ಕೊಡುತ್ತೇನೆ ಎಂದು.

ಅಕ್ಕ ಎಂದರೆ ಹಾಗೆ ಹೀಗೆ ಅಲ್ಲ. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವಳು. ಸೀಟಿ ಊದಿ ಊದಿ ಪೀಪಿ ಟೀಚರ್ ಎಂದೇ ಹೆಸರಾದವಳು. ನಿವೃತ್ತಿಯಾದ ಮೇಲೂ ನಡೆದರೆ ಕವಾಯತು, ಕೂತರೆ ಬೆನ್ನು ನೆಟ್ಟಗೆ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಅಕ್ಕನ ಸೆರಗು ಹಿಡಿದು ಓಡಾಡುವಷ್ಟು ಚಿಕ್ಕವನು. ಅವನನ್ನು ಸಾಕುವ ಭರದಲ್ಲಿ ಮದುವೆಯ ಗೋಜಿಗೇ ಹೋಗಲಿಲ್ಲ. ಜಿಪ್ಪಕ್ಕನ ರಕ್ತದ ಗುಂಪು ಗಂಡನಿಗೆ ಹೊಂದಲಿಲ್ಲ ಎಂದು ಆಸ್ಪತ್ರೆಯವರು ಹೇಳಿದ ವಾರವೇ ಪೀಪಿ ಟೀಚರು ಪೆಟ್ಟಿಗೆ ಹಿಡಿದು ಬಂದಿಳಿದು, "ನಂದು ತಗೊಳ್ಳಿ" ಎಂದು ವೈದ್ಯರ ಮುಂದೆ ಎದ್ದುನಿಂತಳು. ಪರೀಕ್ಷೆಗಳಾದವು. ಎಲ್ಲವೂ ಹೊಂದಿತು. ಈ ವಯಸ್ಸಿಗೆ ಇಂಥ ಕಿಡ್ನಿ ಸಿಗುವುದು ಅಪರೂಪ ಎಂದು ವೈದ್ಯೆಯೇ ಹೊಗಳಿದರು. ಇನ್ನು ಒಪ್ಪಿಗೆಯ ಕಾಗದಪತ್ರ ಮುಗಿಯಬೇಕು, ಕೆಲವು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಹೀಗೇ ಆರೋಗ್ಯವಾಗಿರಿ, ಅಷ್ಟು ಸಾಕು ಎಂದರು.

ಅಷ್ಟು ಸಾಕು ಎಂದದ್ದು ಪೀಪಿ ಟೀಚರಿಗೆ ಸಾಲಲಿಲ್ಲ. ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡಿ ಕಳಿಸಿ ಅಭ್ಯಾಸವಿದ್ದವಳು. ತಮ್ಮನ ಮೈಗೆ ಹೋಗುವ ಕಿಡ್ನಿಯನ್ನು ತಯಾರಿಯಿಲ್ಲದೆ ಕಳಿಸುತ್ತಾಳೆಯೇ?

ಮೇನ್ ರೋಡಿನ ಕುರ್ಚಿ-ಮೇಜಿನ ಅಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಒಂದು ಸಭೆ ಸೇರುತ್ತಿತ್ತು. ನಡೆಸುವವನನ್ನು ಎಲ್ಲರೂ ಉಪ್ಪಿನ ಮೇಷ್ಟ್ರು ಎನ್ನುತ್ತಿದ್ದರು. ಹಿಂದೆ ವಿಮೆ ಮಾಡಿಸುತ್ತಿದ್ದವನು, ಈಗ ಜನರಿಗೆ ಖನಿಜದ ಪಾಠ ಹೇಳುತ್ತಿದ್ದ. ನಮ್ಮ ರೋಗಗಳಿಗೆಲ್ಲ ಖನಿಜದ ಕೊರತೆಯೇ ಮೂಲ, ಅಂಗಡಿಯ ಪುಡಿಯುಪ್ಪು ಸತ್ತ ಉಪ್ಪು, ಬೆಟ್ಟದ ಹೊಟ್ಟೆಯಿಂದ ಬಂದ ಹರಳುಪ್ಪು ಜೀವಂತ ಉಪ್ಪು, ಅದರಲ್ಲಿ ಎಂಬತ್ತು ಚಿಲ್ಲರೆ ಖನಿಜಗಳಿವೆ, ಉಳಿದದ್ದು ಹಸಿಸೊಪ್ಪಿನಲ್ಲಿದೆ, ಬೇಯಿಸಿದರೆ ಸತ್ತಿತು. ಇಷ್ಟೇ ಅವನ ಪಾಠ. ಇದನ್ನೇ ಅವನು ವಾರವಾರ ಹೊಸದಾಗಿ ಕಂಡುಹಿಡಿದವನಂತೆ ಹೇಳುತ್ತಿದ್ದ, ಜನ ವಾರವಾರ ಮೊದಲ ಸಲ ಕೇಳಿದವರಂತೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಒಂದೇ ಒಂದು ಭಾನುವಾರ ಹೋಗಿಬಂದ ಪೀಪಿ ಟೀಚರು ಎರಡನೇ ಭಾನುವಾರಕ್ಕೆ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಆಮೇಲೆ ಶುರುವಾಯಿತು ನೋಡಿ. ಬೆಳಿಗ್ಗೆ ಎದ್ದರೆ ಮಿಕ್ಸಿ ಗರ್ರೆನ್ನುತ್ತಿತ್ತು. ಕಡುಹಸಿರು ಸೊಪ್ಪು, ಕಟ್ಟುಗಟ್ಟಲೆ, ಹಸಿಹಸಿಯಾಗಿ ರುಬ್ಬಿ, ಜಗ್ಗಿನಲ್ಲಿ ತುಂಬಿಟ್ಟುಕೊಂಡು ಮಧ್ಯಾಹ್ನದವರೆಗೆ ನೀರಿನ ಬದಲು ಅದನ್ನೇ ಕುಡಿಯುವುದು. ಗಾಜಿನ ಜಾಡಿಯಲ್ಲಿ ಗುಲಾಬಿ ಬಣ್ಣದ ಹರಳುಪ್ಪಿನ ಗಟ್ಟಿಗಳು, ಅವುಗಳ ಮೇಲೆ ನೀರು. ಆ ಗಾಢ ಉಪ್ಪುನೀರನ್ನು ದೊಡ್ಡ ಲೋಟದ ನೀರಿಗೆ ಬೆರೆಸಿಕೊಂಡು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಇಳಿಸುವುದು. ಇಷ್ಟೂ ಸಾಲದು ಎಂದು, ಜಿಪ್ಪಕ್ಕ ತರಕಾರಿ ಬಸಿದು ಚೆಲ್ಲುವ ನೀರಿಗೆ ಪೀಪಿ ಟೀಚರು ಕೈಯೊಡ್ಡಿದಳು.

"ಅಯ್ಯೋ ಪಾಪಿ, ಖನಿಜವನ್ನೆಲ್ಲ ಮೋರಿಗೆ ಸುರೀತಿದೀಯಲ್ಲೇ!"

"ಅತ್ತಿಗೆ, ಅದು ಅವರಿಗೆ ಆಗಲ್ಲ. ಒಂದು ಲೋಟ ಕುಡಿದ್ರೂ ಆಸ್ಪತ್ರೆಗೆ ಓಡಬೇಕು."

"ಅವನಿಗೆ ಯಾರು ಕೊಡ್ತಾರೆ? ನಾನೇನು ದಡ್ಡಿನಾ? ನಾನು ಕುಡೀತೀನಿ. ಬಾಯಲ್ಲಿ ಅವನಿಗೆ ಕೊಡೋ ಹಾಗಿಲ್ಲ ತಾನೆ? ನಾನು ಕುಡಿದು ಕುಡಿದು ಕಿಡ್ನಿಗೆ ತುಂಬಿಸಿಡ್ತೀನಿ. ಕಿಡ್ನಿ ಅವನಿಗೆ ಹೋದಾಗ ಎಲ್ಲ ಒಟ್ಟಿಗೇ ಹೋಗಿ ಸೇರುತ್ತೆ."

ಜಿಪ್ಪಕ್ಕ ಬಸಿಯುವ ಜರಡಿ ಹಿಡಿದುಕೊಂಡು ಹಾಗೇ ನಿಂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಿಡ್ನಿಯೇನು ಊಟದ ಡಬ್ಬಿಯೇ, ತುಂಬಿ ಮುಚ್ಚಳ ಹಾಕಿ ಕಳಿಸಲಿಕ್ಕೆ? ಆದರೆ ಈ ಮಾತನ್ನು ಹೇಳುವುದು ಯಾರಿಗೆ? ತನ್ನ ಮೈಯನ್ನೇ ಕೊಯ್ಸಿ ಒಂದು ತುಂಡು ತೆಗೆದು ಕೊಡಲು ಬಂದು ಕೂತವಳಿಗೆ! ಅತ್ತಿಗೆ ಕುಡಿಯುವುದನ್ನು ನೋಡಿದಾಗಲೆಲ್ಲ ಅವಳ ಮೈ ಉರಿಯುತ್ತಿತ್ತು, ಆದರೆ ಕಿಡ್ನಿ ಕೊಡುವವರ ಮುಂದೆ ಉರಿ ತೋರಿಸುವ ಹಾಗಿಲ್ಲ. ಅತ್ತಿಗೆ ಟೀವಿ ಜೋರಾಗಿ ಹಾಕಿದರೂ ಸರಿ, ಹೊಲಿಯಲು ಇಟ್ಟ ಬಟ್ಟೆಯ ಮೇಲೆ ಸೊಪ್ಪಿನ ರಸ ಚೆಲ್ಲಿದರೂ ಸರಿ, ಗಿರಾಕಿಗಳ ಎದುರು "ನನ್ನ ತಮ್ಮ ಈ ಸಪ್ಪೆ ತಿಂದೇ ಸೊರಗಿದ" ಎಂದರೂ ಸರಿ, ಜಿಪ್ಪಕ್ಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಒಂದೇ ಒಂದು ಸಲ ತಡೆಯಲಾರದೆ ಕೇಳಿದ್ದಳು. ಊಟಕ್ಕೆ ಕೂತಿದ್ದಾಗ ಅತ್ತಿಗೆ ತನ್ನ ತಟ್ಟೆಗೆ ಹರಳುಪ್ಪು ತುರಿದುಕೊಳ್ಳುತ್ತಲೇ ಇದ್ದಳು, ಕೈ ನಿಲ್ಲುತ್ತಲೇ ಇರಲಿಲ್ಲ.

"ಅತ್ತಿಗೆ, ಉಪ್ಪು ಜಾಸ್ತಿ ಆಯ್ತೇನೋ. ಒಂದು ಮಾತು ಡಾಕ್ಟರನ್ನ ಕೇಳೋಣ್ವಾ?"

"ಇದು ಉಪ್ಪಲ್ಲಮ್ಮ, ಖನಿಜ. ಡಾಕ್ಟರಿಗೆ ಕೊಯ್ಯೋದು ಹೊಲಿಯೋದು ಗೊತ್ತು. ಊಟದ ವಿಷಯ ಅವರೆಲ್ಲಿ ಓದಿರ್ತಾರೆ?" ಎಂದು ಪೀಪಿ ಟೀಚರು ಉಪ್ಪಿನ ಗಟ್ಟಿ ಕೆಳಗಿಟ್ಟಳು. "ನನ್ನ ಕಿಡ್ನಿ ಮೇಲೆ ನಿನಗೆ ನಂಬಿಕೆ ಇಲ್ವಾ? ಇಲ್ದಿದ್ರೆ ಈಗಲೇ ಹೇಳು."

ಗಂಡ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದ. "ಬಿಡೇ," ಎಂದ, "ಅಕ್ಕ ಕಿಡ್ನಿನೇ ಕೊಡ್ತಿದಾಳೆ, ನೀನು ಉಪ್ಪಿನ ಲೆಕ್ಕ ಕೇಳ್ತೀಯಲ್ಲ."

ಅಲ್ಲಿಗೆ ಅವಳ ಬಾಯಿಗೆ ಬೀಗ ಬಿತ್ತು. ಇದು ಬರೀ ಮರ್ಯಾದೆಯ ಬೀಗವೂ ಅಲ್ಲ, ಹೆದರಿಕೆಯದು. ಈ ಹೆಂಗಸು ಮುನಿಸಿಕೊಂಡು ಪೆಟ್ಟಿಗೆ ಎತ್ತಿಕೊಂಡು ಹೊರಟರೆ ಗಂಡನ ಜೀವವೂ ಅದೇ ಪೆಟ್ಟಿಗೆಯಲ್ಲಿ ಹೋದಂತೆ. ಅವಳು ಕುಡಿದರೆ ಕುಡಿಯಲಿ, ಹೇಗೂ ಗಂಡನಿಗಂತೂ ಕುಡಿಸುತ್ತಿಲ್ಲವಲ್ಲ ಎಂದು ಜಿಪ್ಪಕ್ಕ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಸೊಪ್ಪಿನ ರಸದಿಂದ ಯಾರಿಗೆ ಏನಾಗುತ್ತದೆ? ಸೊಪ್ಪು ಒಳ್ಳೆಯದೆಂದು ಶಾಲೆಯ ಪುಸ್ತಕದಲ್ಲೇ ಇದೆ.

ಕಾಗದಪತ್ರ ಮುಗಿಯಿತು. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾಯಿತು. ಅದಕ್ಕೆ ಮುಂಚೆ ಕೊನೆಯ ಸಲ ಪರೀಕ್ಷೆ ಮಾಡಿಸಿ ಎಂದರು, ಜಿಪ್ಪಕ್ಕ, ಪೀಪಿ ಟೀಚರು ಇಬ್ಬರೇ ಹೋದರು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ನರ್ಸು ಬಿ.ಪಿ. ನೋಡಿದಳು, ಹುಬ್ಬು ಗಂಟಿಕ್ಕಿದಳು, ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದಳು, ಸ್ವಲ್ಪ ಹೊತ್ತು ಕೂರಿಸಿ ಇನ್ನೊಮ್ಮೆ ನೋಡಿದಳು. "ಯಂತ್ರ ಕೆಟ್ಟಿರಬೇಕು" ಎಂದು ಪೀಪಿ ಟೀಚರು ನಕ್ಕಳು. ಕೆಟ್ಟಿದ್ದು ಯಂತ್ರವಲ್ಲ.

ಫಲಿತಾಂಶ ಬಂದ ಮೇಲೆ ವೈದ್ಯೆ ಇಬ್ಬರನ್ನೂ ಒಳಗೆ ಕರೆದರು. ಸಣ್ಣ ಕೋಣೆ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಕಿಡ್ನಿ, ಅರ್ಧಕ್ಕೆ ಸೀಳಿ ಒಳಗಿನ ಬಣ್ಣ ತೋರಿಸುವಂಥದ್ದು. ವೈದ್ಯೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಹೋದ ಸಲ ಬಂದಾಗಿಂದ ಏನಾದ್ರೂ ಔಷಧಿ ತಗೊಂಡ್ರಾ?"

"ಔಷಧಿ ಮುಟ್ಟೋದೇ ಇಲ್ಲ ನಾನು."

"ಊಟ ಏನು ಮಾಡ್ತೀರಿ?"

ಪೀಪಿ ಟೀಚರು ಇದೇ ಪ್ರಶ್ನೆಗೆ ಕಾದಿದ್ದವಳಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಎಲ್ಲವನ್ನೂ ಹೇಳಿದಳು. ಸೊಪ್ಪಿನ ರಸ, ಹರಳುಪ್ಪಿನ ನೀರು, ಬಸಿದ ನೀರು. ಜಗ್ಗಿನ ಗಾತ್ರವನ್ನು ಕೈಯಲ್ಲಿ ಅಳೆದು ತೋರಿಸಿದಳು. ಬಹುಮಾನ ಬರುತ್ತದೆ ಎಂದು ಕಾಯುವ ಮುಖ ಅದು. ವೈದ್ಯೆಯ ಮುಖ ಬಹುಮಾನ ಕೊಡುವ ಮುಖವಲ್ಲ ಎಂದು ಜಿಪ್ಪಕ್ಕನಿಗೆ ಕಂಡಿತು.

"ಹಸಿ ಸೊಪ್ಪಿನ ರಸ ದಿನಾ ಅಷ್ಟು ಕುಡಿದ್ರೆ," ಎಂದರು ವೈದ್ಯೆ, ಪ್ರತಿ ಮಾತನ್ನೂ ಬಿಡಿಸಿ ಬಿಡಿಸಿ, "ಸೊಪ್ಪಲ್ಲಿ ಆಕ್ಸಲೇಟ್ ಅಂತ ಇರುತ್ತೆ. ಒಂದು ಹಿಡಿ ತಿಂದ್ರೆ ಏನೂ ಆಗಲ್ಲ. ನೀವು ಕುಡಿದಿರೋದು ಹಿಡಿ ಅಲ್ಲ. ಅದು ಕಿಡ್ನಿ ಒಳಗೆ ಹರಳುಗಟ್ಟಿ ಕೂತಿರೋ ಹಾಗಿದೆ. ಮೇಲೆ ಆ ಉಪ್ಪು ಬೇರೆ. ಬಿ.ಪಿ. ಎಲ್ಲಿಗೆ ಹೋಗಿದೆ ನೋಡಿ. ಮೂತ್ರದಲ್ಲಿ ಪ್ರೋಟೀನು ಹೋಗ್ತಿದೆ. ನಿಮ್ಮ ಕಿಡ್ನಿ ಕೆಲಸ ಸುಮಾರು ಕಮ್ಮಿ ಮಾಡಿಬಿಟ್ಟಿದೆ."

"ಖನಿಜ..." ಎಂದಳು ಪೀಪಿ ಟೀಚರು.

"ಕಿಡ್ನಿ ಖನಿಜ ಕೂಡಿಡೋ ಜಾಗ ಅಲ್ಲ. ಹೆಚ್ಚಾಗಿದ್ದನ್ನ ಹೊರಗೆ ಹಾಕೋ ಜಾಗ. ಅದಕ್ಕೆ ನೀವು ಹೊರಲಾರದಷ್ಟು ಹೊರಿಸಿದೀರಿ."

"ನಿಲ್ಲಿಸ್ತೀನಿ. ಇವತ್ತಿಂದಲೇ ನಿಲ್ಲಿಸ್ತೀನಿ. ಒಂದೆರಡು ತಿಂಗಳು ಬಿಟ್ಟು ಕೊಡ್ತೀನಿ."

"ಸುಧಾರಿಸಬಹುದು. ಆದರೆ ಇನ್ನು ಅದು ನಿಮಗೇ ಬೇಕು. ನಿಮ್ಮದನ್ನ ತಗೊಳ್ಳೋ ಮಾತು ಮುಗೀತು."

ವೈದ್ಯೆ ಉಳಿದದ್ದನ್ನೂ ಹೇಳಿದರು. ಸತ್ತವರ ಕಿಡ್ನಿಗಾಗಿ ಸರದಿಯಲ್ಲಿ ಹೆಸರು ಬರೆಸಬೇಕು, ಬರುವುದು ಯಾವಾಗಲೋ, ಅಲ್ಲಿಯವರೆಗೆ ಯಂತ್ರವೇ ಗತಿ. ಪೀಪಿ ಟೀಚರಿಗೂ ಉಪ್ಪು ಬಿಡಿಸಬೇಕು, ಮಾತ್ರೆ ಶುರುಮಾಡಬೇಕು. ಜಿಪ್ಪಕ್ಕನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಅವಳು ಮೇಜಿನ ಮೇಲಿನ ಪ್ಲಾಸ್ಟಿಕ್ ಕಿಡ್ನಿಯನ್ನೇ ನೋಡುತ್ತಿದ್ದಳು. ಎತ್ತಿ ಗೋಡೆಗೆ ಅಪ್ಪಳಿಸಬೇಕು ಎನ್ನಿಸುತ್ತಿತ್ತು.

ಬಸ್ಸಿನಲ್ಲಿ ಬೇರೆಬೇರೆ ಸೀಟಿನಲ್ಲಿ ಕೂತು ಮನೆಗೆ ಬಂದರು. ಗಂಡ ಒಂದು ಬೋರ್ಡು ಮುಗಿಸಿ ಕುಂಚ ತೊಳೆಯುತ್ತಿದ್ದ. ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಜಿಪ್ಪಕ್ಕನೇ ಹೇಳಬೇಕಾಯಿತು. ಹೇಳಿ ಮುಗಿಸಿದ ಮೇಲೂ ಅವನು ಕುಂಚದ ನೀರನ್ನೇ ಕಲಕುತ್ತಿದ್ದ. ಆಮೇಲೆ, "ಪರವಾಗಿಲ್ಲ ಬಿಡಕ್ಕ," ಎಂದ.

ಪರವಾಗಿಲ್ಲವಂತೆ! ಜಿಪ್ಪಕ್ಕನ ಪಿತ್ತ ನೆತ್ತಿಗೇರಿತು. ಯಾವುದಕ್ಕೆ ಪರವಾಗಿಲ್ಲ? ದಿನ ಬಿಟ್ಟು ದಿನ ತೋಳಿಗೆ ದಬ್ಬಣದಂಥ ಸೂಜಿ ಚುಚ್ಚಿಸಿಕೊಳ್ಳುವುದಕ್ಕೆ? ಬೇಸಿಗೆಯಲ್ಲಿ ಐಸಿನ ಚೂರು ಚೀಪಿ ದಾಹ ತಣಿಸಿಕೊಳ್ಳುವುದಕ್ಕೆ? "ನಿಮಗೆ ಸಿಟ್ಟೇ ಬರಲ್ವೇನ್ರೀ?" ಎಂದು ಅವಳು ಕಿರುಚಿದಳು. ಅವನು ಆಗಷ್ಟೇ ಮುಗಿಸಿದ ಬೋರ್ಡನ್ನು ಮಡಿಲಿಗೆಳೆದುಕೊಂಡು, ಬ್ಲೇಡು ತೆಗೆದುಕೊಂಡು, ಒಂದೊಂದೇ ಅಕ್ಷರವನ್ನು ಕೆರೆದು ತೆಗೆಯತೊಡಗಿದ. ಹಸಿಬಣ್ಣ ಅವನ ಮೊಣಕಾಲ ಮೇಲೆಲ್ಲ ಬಿತ್ತು. ಎಲ್ಲವನ್ನೂ ಕೆರೆದು ಮುಗಿಸಿದ ಮೇಲೆ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ.

ಆ ವಾರವೆಲ್ಲ ಮಿಕ್ಸಿ ಸುಮ್ಮನಾಗಿತ್ತು. ಉಪ್ಪಿನ ಜಾಡಿಯನ್ನು ಪೀಪಿ ಟೀಚರೇ ಎತ್ತಿ ಎಲ್ಲೋ ಇಟ್ಟಿದ್ದಳು. ಜಿಪ್ಪಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಜಿಪ್ಪುಗಳನ್ನು ಕಿತ್ತೆಸೆಯುತ್ತ, ಒಳಗೊಳಗೇ ಅತ್ತಿಗೆಯನ್ನು ಬೈಯುತ್ತಿದ್ದಳು, ಉಪ್ಪಿನ ಮೇಷ್ಟ್ರನ್ನು ಬೈಯುತ್ತಿದ್ದಳು, ಊಟದ ಮೇಜಿನಲ್ಲಿ ಕಾಲು ತುಳಿದ ಗಂಡನನ್ನು ಬೈಯುತ್ತಿದ್ದಳು, ತುಳಿಸಿಕೊಂಡು ಸುಮ್ಮನಾದ ತನಗೂ ಎರಡು ಬೈಗುಳ ಎತ್ತಿಡುತ್ತಿದ್ದಳು. ಅತ್ತಿಗೆ ಒಂದು ಸಲ ಬಾಯಿ ಬಿಟ್ಟು ಅತ್ತಿದ್ದರೆ ಸಿಟ್ಟು ಸ್ವಲ್ಪವಾದರೂ ಇಳಿಯುತ್ತಿತ್ತೇನೋ. ಅವಳು ಅಳಲೂ ಇಲ್ಲ.

ಭಾನುವಾರ ಬೆಳಿಗ್ಗೆ ಪೀಪಿ ಟೀಚರು ತಲೆ ಬಾಚಿ ಚಪ್ಪಲಿ ಮೆಟ್ಟುವುದನ್ನು ಕಂಡು ಜಿಪ್ಪಕ್ಕ ಕತ್ತರಿ ಕೆಳಗಿಟ್ಟಳು.

"ಎಲ್ಲಿಗೆ?"

"ಮೇಷ್ಟ್ರ ಹತ್ರ. ಒಂದು ಮಾತು ಕೇಳಬೇಕು."

"ನಡೀರಿ. ನಾನೂ ಕೇಳಬೇಕು."

ಮಹಡಿಯ ಹಾಲಿನಲ್ಲಿ ಮಾರಾಟವಾಗದ ಕುರ್ಚಿಗಳನ್ನೇ ಸಾಲಾಗಿ ಜೋಡಿಸಿದ್ದರು, ಕೆಲವಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇತ್ತು. ಮುಂದೆ ಮೇಜಿನ ಮೇಲೆ ಹರಳುಪ್ಪಿನ ನೀರಿನ ಜಗ್ಗು, ಲೋಟಗಳು, ಸೊಪ್ಪಿನ ಕಟ್ಟುಗಳು, ಉಪ್ಪಿನ ಪೊಟ್ಟಣಗಳು. ಉಪ್ಪಿನ ಮೇಷ್ಟ್ರು ತೆಳ್ಳಗೆ, ನಗುಮುಖದ, ಮೆದುಮಾತಿನ ಮನುಷ್ಯ. ಕಳ್ಳನ ಮುಖ ಇದ್ದಿದ್ದರೆ ಜಿಪ್ಪಕ್ಕನಿಗೆ ಸುಲಭವಾಗುತ್ತಿತ್ತು. ಪೀಪಿ ಟೀಚರನ್ನು ಕಂಡದ್ದೇ ತಡ, ಅವನು ಎದ್ದು ಕೈಚಾಚಿ, "ಬನ್ನಿ ಬನ್ನಿ, ತಮ್ಮನಿಗೆ ಹೊಸ ಜೀವ ಕೊಡೋ ತಾಯಿ ಬಂದ್ರು," ಎಂದು ಸಭೆಗೆ ತೋರಿಸಿದ. ಜನ ಚಪ್ಪಾಳೆ ತಟ್ಟಿದರು.

ಪೀಪಿ ಟೀಚರು ಎದ್ದುನಿಂತು ನಡೆದದ್ದನ್ನು ಹೇಳಿದಳು. ಶಾಲೆಯ ಮೈದಾನಕ್ಕೆಲ್ಲ ಕೇಳಿಸುತ್ತಿದ್ದ ದನಿ ಅವತ್ತು ಮೂರನೇ ಸಾಲಿಗೂ ತಲುಪುತ್ತಿರಲಿಲ್ಲ. ಬಿ.ಪಿ. ಏರಿದೆ, ಕಿಡ್ನಿಯಲ್ಲಿ ಹರಳು ಕೂತಿದೆ, ಬೇಡ ಎಂದರು. "ನಾನು ಎಲ್ಲಿ ತಪ್ಪಿದೆ ಮೇಷ್ಟ್ರೇ?"

ಮೇಷ್ಟ್ರು ಕಣ್ಣು ಅರೆಮುಚ್ಚಿ ಕೇಳಿದ. ನಿಜವಾಗಿಯೂ ಮರುಗಿದ ಹಾಗೆ ಕಂಡ. ಆಮೇಲೆ ತಲೆಯಾಡಿಸಿದ. "ತಪ್ಪಿಲ್ಲ ತಾಯಿ. ಇದು ಶುದ್ಧಿಯ ಕಾಲ. ಎಷ್ಟೋ ವರ್ಷದ ಹಳೇ ಕಲ್ಮಶ ಹೊರಗೆ ಬರ್ತಿದೆ, ಅದನ್ನೇ ಅವರು ರೋಗ ಅಂದ್ಕೊಂಡಿದಾರೆ. ಇಂಥ ಹೊತ್ತಲ್ಲಿ ನಿಲ್ಲಿಸಬಾರದು. ಹೆಚ್ಚು ಮಾಡಬೇಕು." ಮೇಜಿನಿಂದ ಒಂದು ಪೊಟ್ಟಣ ಎತ್ತಿ ಕೊಟ್ಟ. ಪೀಪಿ ಟೀಚರು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಜಿಪ್ಪಕ್ಕ ಯಾವಾಗ ಎದ್ದಳೋ, ಯಾವಾಗ ಮೇಜಿನ ಹತ್ತಿರ ಹೋದಳೋ ಅವಳಿಗೇ ತಿಳಿಯದು. ತಿಂಗಳುಗಟ್ಟಲೆ ನುಂಗಿದ್ದೆಲ್ಲ ಒಂದೇ ಸಲ ಬಾಯಿಗೆ ಬಂತು.

"ನಿಮಗೆ ನಾಚಿಕೆ ಇಲ್ವಾ ರೀ? ಒಂದು ಜೀವ ಉಳಿಸ್ತೀನಿ ಅಂತ ಬಂದವಳ ಕಿಡ್ನಿ ತಿಂದು ಕೂತು ಇನ್ನೂ ಹೆಚ್ಚು ಮಾಡು ಅಂತೀರಾ? ಯಾವ ಕಲ್ಮಶ? ಯಾರು ನೋಡಿದ್ದು? ನೀವು ರಕ್ತ ಪರೀಕ್ಷೆ ಮಾಡಿದ್ರಾ, ಸ್ಕ್ಯಾನ್ ಮಾಡಿದ್ರಾ? ನನ್ನ ಗಂಡನ ತೋಳು ಒಂದು ಸಲ ಬಂದು ನೋಡಿ! ನರ ಹಗ್ಗದ ಥರ ಉಬ್ಬಿದೆ. ಅದರ ಮುಂದೆ ನಿಂತ್ಕೊಂಡು ಖನಿಜದ ಪಾಠ ಹೇಳಿ!" ಹರಳುಪ್ಪಿನ ಜಗ್ಗನ್ನು ಎತ್ತಿ ಅವನ ಮುಂದೆ ಕುಕ್ಕಿದಳು. ನೀರು ತುಳುಕಿ ಸೊಪ್ಪಿನ ಮೇಲೆ ಬಿತ್ತು. "ಕುಡೀರಿ! ಅಷ್ಟು ಒಳ್ಳೇದಾದ್ರೆ ಇಷ್ಟನ್ನೂ ನೀವೇ ಕುಡೀರಿ, ಎಲ್ಲರೂ ನೋಡ್ಲಿ!"

ಹಿಂಜರಿಯುತ್ತಾನೆ, ಏನಾದರೂ ನೆಪ ಹೇಳುತ್ತಾನೆ, ಆಗ ಇವನ ಬಣ್ಣ ಬಯಲಾಗುತ್ತದೆ ಎಂದು ಅವಳು ಎಣಿಸಿದ್ದಳು. ಮೇಷ್ಟ್ರು ಜಗ್ಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಕುಡಿದ. ಗಟಗಟನೆ, ಗಲ್ಲದ ಮೇಲೆ ಹನಿ ಇಳಿಯುತ್ತ, ತಳ ಕಾಣುವವರೆಗೆ ಕುಡಿದು, ಖಾಲಿ ಜಗ್ಗನ್ನು ಅವಳ ಕೈಗೇ ಮೆಲ್ಲಗೆ ವಾಪಸ್ಸು ಕೊಟ್ಟ. ಅವನ ಕಣ್ಣಲ್ಲಿ ಕೋಪದ ಸುಳಿವೂ ಇರಲಿಲ್ಲ. "ನಿಮ್ಮ ಸಂಕಟ ನನಗೆ ಅರ್ಥ ಆಗುತ್ತಮ್ಮ," ಎಂದ. ಸಭೆ ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿತು.

ಅವನು ಮೋಸಗಾರನೇ ಅಲ್ಲ, ನಂಬಿದವನು! ಮೋಸಗಾರನಾಗಿದ್ದರೆ ಕೊರಳಪಟ್ಟಿ ಹಿಡಿಯಬಹುದಿತ್ತು. ಉಪ್ಪುನೀರಿನಷ್ಟೇ ಸಲೀಸಾಗಿ ತನ್ನ ಮಾತನ್ನೂ ತಾನೇ ಕುಡಿದು ಅರಗಿಸಿಕೊಂಡು ನಗುತ್ತ ನಿಂತ ಮನುಷ್ಯನನ್ನು ಏನು ಮಾಡುವುದು? ಗಾಳಿಗೆ ಗುದ್ದಿದ ಹಾಗಾಯಿತು. ಜಿಪ್ಪಕ್ಕ ಖಾಲಿ ಜಗ್ಗನ್ನು ಹತ್ತಿರದ ಕುರ್ಚಿಯ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ, ಬಾಗಿಲ ಕಡೆ ನಡೆದಳು. ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು.

ಮೆಟ್ಟಿಲ ತಿರುವಿನಲ್ಲಿ ಅವಳು ಗಕ್ಕನೆ ನಿಂತು ತಿರುಗಿದಳು. ಮೇಲಿನ ಮೆಟ್ಟಿಲಲ್ಲಿ ಪೀಪಿ ಟೀಚರು. ಕೈಯಲ್ಲಿ ಇನ್ನೂ ಆ ಪೊಟ್ಟಣ.

"ಅದನ್ನ ಯಾಕೆ ತಗೊಂಡ್ರಿ? ಡಾಕ್ಟರು ಅಷ್ಟು ಬಿಡಿಸಿ ಹೇಳಿದ ಮೇಲೂ? ಇನ್ನೂ ಅವನನ್ನ ನಂಬ್ತೀರಾ? ನಿಮ್ಮ ತಲೆಯಲ್ಲಿ ಏನು ತುಂಬಿದೆ ಅತ್ತಿಗೆ?"

ಪೀಪಿ ಟೀಚರ ಬೆನ್ನು ಬಾಗಿತ್ತು. ಅಷ್ಟು ವರ್ಷದಲ್ಲಿ ಅವಳ ಬೆನ್ನು ಬಾಗಿದ್ದನ್ನು ಜಿಪ್ಪಕ್ಕ ನೋಡಿದ್ದು ಅದೇ ಮೊದಲು. ಅವಳು ಕಂಬಿ ಹಿಡಿದು ಮೆಟ್ಟಿಲ ಮೇಲೇ ಕೂತಳು.

"ನಂಬಲ್ಲ," ಎಂದಳು. "ಆ ಡಾಕ್ಟರಮ್ಮ ಕನ್ನಡಕ ತೆಗೆದ್ರಲ್ಲ, ಆಗಲೇ ಗೊತ್ತಾಯ್ತು."

"ಮತ್ತೆ?"

"ಮತ್ತೆ ಏನು ಮಾಡ್ಲಿ ಹೇಳು. ಮೇಷ್ಟ್ರು ಹೇಳಿದ್ದು ಸುಳ್ಳು ಅಂದ್ರೆ, ಅವನಿಗೆ ಅಂತ ಇದ್ದ ಕಿಡ್ನಿನ ನನ್ನ ಕೈಯಾರೆ ನಾನೇ ಹಾಳು ಮಾಡಿದೆ ಅಂತಾಯ್ತು. ನಿಜ ಅಂದ್ರೆ, ಇನ್ನೂ ಏನೋ ದಾರಿ ಇದೆ ಅಂತಾಯ್ತು. ಒಂದು ವಾರದಿಂದ ಅವನ ಮುಖ ನೋಡೋಕಾಗ್ತಿಲ್ಲ ನನಗೆ. 'ಪರವಾಗಿಲ್ಲ ಬಿಡಕ್ಕ' ಅಂತಾನೆ." "ನಾನೇ ಎತ್ತಿ ಆಡಿಸಿದ ಮಗು ಕಣೇ. ಈ ಪಾಪ ಹೊತ್ಕೊಂಡು ಆ ಮನೆಗೆ ಹೇಗೆ ಬರ್ಲಿ? ಊರಿಗೆ ಹೋಗ್ಬಿಡ್ತೀನಿ. ಪೆಟ್ಟಿಗೆ ಕಟ್ಟಿಟ್ಟಿದೀನಿ."

ಇಲ್ಲಿ ಯಾರಾದರೂ ಒಳ್ಳೆಯ ಹೆಂಗಸು ಇದ್ದಿದ್ದರೆ ಪಕ್ಕದಲ್ಲಿ ಕೂತು, ಬೆನ್ನು ಸವರಿ, ನಿಮ್ಮ ತಪ್ಪೇನಿಲ್ಲ, ಪ್ರೀತಿಯಿಂದ ಮಾಡಿದ್ದು ಎನ್ನುತ್ತಿದ್ದಳು. ಜಿಪ್ಪಕ್ಕನಿಗೂ ಅದು ಗೊತ್ತಿತ್ತು. ಆದರೆ ಹಾಗೆ ಹೇಳಿದರೆ ಇನ್ನೊಂದು 'ಪರವಾಗಿಲ್ಲ' ಹೇಳಿದಂತೆ. ಅವಳು ಎರಡು ಮೆಟ್ಟಿಲು ಹತ್ತಿ, ಬಗ್ಗಿ, ಅತ್ತಿಗೆಯ ತೋಳನ್ನು ಗಟ್ಟಿಯಾಗಿ ಹಿಡಿದಳು.

"ಹೌದು," ಎಂದಳು. "ನೀವೇ ಹಾಳು ಮಾಡಿದ್ದು. ಅವರಿಗೆ ಯಾವತ್ತು ಕಿಡ್ನಿ ಸಿಗುತ್ತೋ ಅವತ್ತಿನವರೆಗೂ ನನಗೆ ಈ ಸಿಟ್ಟು ಹೋಗಲ್ಲ, ಸಿಕ್ಕ ಮೇಲೂ ಹೋಗುತ್ತೆ ಅಂತ ಹೇಳಲ್ಲ. ಊರಿಗೆ ಓಡಿಹೋಗ್ತೀರಾ? ನಾಳೆ ಬೆಳಿಗ್ಗೆ ಅವರನ್ನ ಯಂತ್ರಕ್ಕೆ ಕರ್ಕೊಂಡು ಹೋಗೋರು ಯಾರು, ಹೊಲಿಗೆ ಬಿಟ್ಟು ನಾನೇನಾ? ಅವರ ಹಾಸಿಗೆ ಪಕ್ಕ ನೀವು ಕೂತ್ಕೊಳ್ಳಿ. ಸೂಜಿ ಹಾಕೋವಾಗ ನೀವು ನೋಡಿ."

"ಹೇಗೆ ಬರ್ಲೇ..."

"ಹೊತ್ಕೊಂಡೇ ಬನ್ನಿ," ಎಂದಳು ಜಿಪ್ಪಕ್ಕ, ಹಿಡಿದ ತೋಳನ್ನು ಬಿಡದೆ ಮೇಲಕ್ಕೆಳೆಯುತ್ತ.